ಅಂಟುವಾಳದ ನೊರೆ

ಮಾರ್ಚ್ ೩, ೧೯೩೧. ಮಂಗಳವಾರ

ಇವತ್ತು ಗೇಟಿನಲ್ಲಿ ನನ್ನ ಜೇಬಿಗೆ ಕೈ ಹಾಕಿದರು.

ಕೆಲಸ ಬಿಟ್ಟು ಹೊರಡುವ ಕೂಲಿಗಳನ್ನು ತಡಕಿ ನೋಡುವುದು ಗಣಿಯ ಹಳೆಯ ಪದ್ಧತಿ. ಅವರು ಸಾಲಾಗಿ ನಿಲ್ಲುತ್ತಾರೆ, ಕೈ ಎತ್ತುತ್ತಾರೆ, ಬಾಯಿ ತೆರೆದು ತೋರಿಸುತ್ತಾರೆ. ಆ ಸಾಲಿನಿಂದ ಸ್ವಲ್ಪ ಆಚೆ ಒಂದು ಸಣ್ಣ ಬಾಗಿಲಿದೆ. ಗುಮಾಸ್ತರು, ಕಾಂಪೌಂಡರು, ಪರೀಕ್ಷಾಶಾಲೆಯ ನಾವು ಅದರಲ್ಲಿ ಹೋಗುತ್ತೇವೆ. ಇಷ್ಟು ವರ್ಷ ನಾನು ಸಾಲಿನ ಕಡೆ ತಲೆ ಕೂಡ ತಿರುಗಿಸದೆ ಹೋಗಿದ್ದೇನೆ. ಇವತ್ತು ಆ ಬಾಗಿಲಿಗೆ ಬೀಗ.

"ಸ್ವಾಮೇರೆ, ಈ ಕಡೆ ಬನ್ರಿ," ಎಂದ ಪಹರೆಯ ಕದಿರಪ್ಪ. ಬಂಗಾರಪೇಟೆ ಕಡೆಯವನು, ನಮ್ಮೂರ ಪಕ್ಕದ ಹಳ್ಳಿ.

"ನನ್ನನ್ನೂ ನೋಡಬೇಕೇನೋ?"

"ನಾನೇನ್ ಮಾಡ್ಲಿ, ದೊರೆ ಆರ್ಡರು. ಮಿಲ್ಲಲ್ಲಿ ಬಂಗಾರ ಕಮ್ಮಿ ಬತ್ತಾ ಐತಂತೆ. ಕೈ ಎತ್ರಿ. ಇದೇನು, ನಶ್ಯದ ಡಬ್ಬೀನಾ? ಒಂದ್ ಚಿಟಿಕೆ ಕೊಡ್ರಿ, ನಶ್ಯವೋ ಬಂಗಾರವೋ ನೋಡೇಬಿಡಾನ."

ಸೇದಿದ. ಸೀನಿದ. "ನಶ್ಯಾನೇ," ಎಂದು ಘೋಷಿಸಿದ. ಸಾಲಿನವರೆಲ್ಲ ನಕ್ಕರು.

ನನ್ನ ಕೆಲಸವೇ ಬಂಗಾರ ತೂಗುವುದು. ಅದಿರು ಕುಟ್ಟುವ ಮಿಲ್ಲಿನಿಂದ ಬರುವ ಕಲ್ಲಿನ ಪುಡಿಯನ್ನು ಕರಗಿಸಿ, ಆಸಿಡ್ಡಿನಲ್ಲಿ ಕುದಿಸಿ, ಸಾಸಿವೆಗಿಂತ ಸಣ್ಣ ಮಣಿಯೊಂದನ್ನು ತಕ್ಕಡಿಗೆ ಇಡುತ್ತೇನೆ. ಕದಿಯಬೇಕೆಂದಿದ್ದರೆ ನನಗಿಂತ ಅನುಕೂಲವಿದ್ದವರು ಗಣಿಯಲ್ಲಿ ಇಲ್ಲ. ಕದಿಯದೆ ಉಳಿದುದಕ್ಕೆ ನನಗೆ ಸಿಕ್ಕಿದ್ದು ಆ ಸಣ್ಣ ಬಾಗಿಲೊಂದೇ. ಸಾಲಿನಲ್ಲಿ ನಿಂತವರಲ್ಲಿ ಯಾವನೋ ಕದಿಯುತ್ತಾನೆ. ಅವನ ದೆಸೆಯಿಂದ ಅದಕ್ಕೂ ಬೀಗ ಬಿತ್ತು. ಅವನು ಯಾರೇ ಇರಲಿ, ಸಿಕ್ಕಿಬೀಳಲಿ.

ಮಾರ್ಚ್ ೮, ಭಾನುವಾರ

ನಿನ್ನೆ ಎಣ್ಣೆ ಸ್ನಾನ. ನಾವಿರುವ ಆಂಡರ್ಸನ್‌ಪೇಟೆ ಇಡೀ ಶನಿವಾರ ಸಂಜೆ ಒಂದೇ ವಾಸನೆ ಹೊಡೆಯುತ್ತದೆ: ಕಾದ ಎಳ್ಳೆಣ್ಣೆ, ನೆನೆದ ಅಂಟುವಾಳ. ನಮ್ಮ ಕಡೆ ತೆಲುಗಿನವರ ಬಾಯಿಂದ ಬಂದ ಹೆಸರೇ ಎಲ್ಲರಿಗೂ, ಕುಂಕುಡುಕಾಯಿ. ಹಿತ್ತಲಲ್ಲಿ ಕೂತು ಕಾಯಿ ಜಜ್ಜುತ್ತಿದ್ದ ನನ್ನ ಹೆಂಡತಿ ಗಂಗರತ್ನಮ್ಮ, ನಾನು ಗೇಟಿನ ವಿಷಯವನ್ನು ಮತ್ತೊಮ್ಮೆ ಎತ್ತಿದಾಗ ಕಲ್ಲು ಕೆಳಗಿಟ್ಟಳು.

"ತಡಕಿದ್ರೆ ಮೈ ಸವೆದೋಯ್ತೇನ್ರಿ? ಕೂಲಿಗಳ ಲೈನುಮನೆ ಗಂಡಸ್ರು ದಿನಾ ತಡಕಿಸ್ಕೊಂಡು ಬತ್ತಾರೆ. ಅವ್ರ ಎಂಡ್ರು ಇಂಗೆ ಸೋಬಾನೆ ಕೇಳ್ತಾ ಕೂತಿರ್ತಾರಾ?"

ಅವಳಿಗೆ ಹೇಗೆ ಹೇಳುವುದು. ಅವರಿಗೆ ಅದು ಅಭ್ಯಾಸ.

ಬಂಗಾರ ಕಡಿಮೆಯಾಗಿರುವುದು ನಿಜ. ಎಲ್ಲ ದಿನವೂ ಅಲ್ಲ. ನೀರಿನ ಅಭಾವದ ವರ್ಷ, ಕೆರೆ ತಳ ಕಂಡಿದೆ. ಆದರೂ ಮಿಲ್ಲು ನಿಂತಿಲ್ಲ. ಮಿಲ್ಲಿನ ಹೊಸ ಬಿಳಿಯ ದೊರೆ ಎಲ್ಲಿಂದಲೋ ನೀರು ಹೊಂದಿಸಿದನೆಂದು ಕಂಪನಿಯವರು ಅವನನ್ನು ಹೊಗಳಿದರಂತೆ. ಹೊಗಳಿಕೆ ಅವರಿಗೆ, ತಡಕಾಟ ನಮಗೆ.

ಮಾರ್ಚ್ ೨೧, ಶನಿವಾರ

ಕಳ್ಳ ಸಿಕ್ಕ. ನಿನ್ನೆ ಯುಗಾದಿ, ಹಬ್ಬದ ದಿನವೂ ಕೈ ಸುಮ್ಮನಿರಲಿಲ್ಲ ನೋಡಿ.

ಮುನಿಶಾಮಿ ಎಂದು ಹೆಸರು. ಮಿಲ್ಲಿನಲ್ಲಿ ತಾಮ್ರದ ತಗಡುಗಳನ್ನು ನೋಡಿಕೊಳ್ಳುವವನು. ಆ ತಗಡುಗಳಿಗೆ ಪಾದರಸ ಸವರಿರುತ್ತದೆ. ಕುಟ್ಟಿದ ಕಲ್ಲಿನ ಕೆಸರು ನೀರು ಮೇಲೆ ಹರಿದು ಹೋಗುವಾಗ ಬಂಗಾರವನ್ನು ರಸ ಹಿಡಿದಿಟ್ಟುಕೊಳ್ಳುತ್ತದೆ. ಆ ರಸವನ್ನು ಸದಾ ಶುಭ್ರವಾಗಿ ಇಟ್ಟುಕೊಳ್ಳುವುದು ಅವನ ಕೆಲಸ. ಗೇಟಿನಲ್ಲಿ ಅವನ ಹೆಗಲ ಟವಲು ಒದ್ದೆಯಾಗಿ, ಭಾರವಾಗಿ ಇತ್ತಂತೆ. ದೊರೆ ಅದನ್ನು ತಂದು ನನ್ನ ಮೇಜಿನ ಮೇಲೆ ಹಾಕಿದ.

ಸುಟ್ಟೆ. ಬೂದಿಯನ್ನು ಕರಗಿಸಿದೆ. ಮಣಿ ಬಂತು. ದೊಡ್ಡದಲ್ಲ, ಆದರೆ ಬಂತು. ತೂಕ ಬರೆದು ಸಹಿ ಹಾಕಿದೆ. ತಕ್ಕಡಿಗೆ ಯಾರ ಮುಖವೂ ಗೊತ್ತಿಲ್ಲ ಎಂಬ ಸಂಗತಿ ನನಗೆ ಯಾವಾಗಲೂ ಸಮಾಧಾನ ಕೊಟ್ಟಿದೆ.

ಮುನಿಶಾಮಿಯನ್ನು ಲಾಕಪ್ಪಿಗೆ ಹಾಕಿದರು. ನಾನು ಸಂಜೆ ಸಣ್ಣ ಬಾಗಿಲಿಗೆ ಹೋದೆ. ಬೀಗ ಹಾಗೇ ಇತ್ತು. ಕಳ್ಳ ಸಿಕ್ಕ ಮೇಲೂ ಬೀಗವೆಂದರೆ ಏನರ್ಥ?

ಮಾರ್ಚ್ ೨೪, ಮಂಗಳವಾರ

ಮುನಿಶಾಮಿಯ ಹೆಂಡತಿ ಮುತ್ಯಾಲಮ್ಮ ಮನೆಗೇ ಬಂದಳು. ಕರೆದವರಿಲ್ಲ. ಮೆಟ್ಟಿಲ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದಳು:

"ಸಾಮಿ, ನಮ್ಮೋನ ಟವಲ್ಲು ಸುಟ್ಟೋರು ನೀವೇನಾ?"

"ಅದು ಪರೀಕ್ಷೆ ಕಣಮ್ಮ."

"ಸುಟ್ಟು ಮಾಡೋ ಪರೀಕ್ಷೇನಾ? ಅಂಗಾರೆ ಅವನ್ನೂ ಸುಟ್ಟು ನೋಡ್ಬಿಡ್ರಿ, ಒಳಗೆ ಇನ್ನೆಷ್ಟೈತೋ."

ಒಳಗೆ ಗಂಗರತ್ನಮ್ಮ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

"ಅದರಲ್ಲಿ ಬಂಗಾರ ಇತ್ತು. ನಾನೇ ತೂಗಿದ್ದೇನೆ."

"ಇರ್ತದೆ. ಬಂಗಾರ ಅರಿಯೋ ತಾವ ಗೇಯೋನ ಟವಲ್ಲಲ್ಲಿ ಇನ್ನೇನಿರ್ತದೆ, ರಾಗಿ ಇಟ್ಟಾ? ಅಬ್ಬದ ದಿನ ತಗಡಿನ ಮ್ಯಾಲೆ ನೊರೆ ಉಕ್ಕಿ ಬಂತಂತೆ. ರಸ ಕೆಡ್ತದೆ ಅಂತ ಒರೆಸಿ ಒರೆಸಿ ಹಾಕಿದ್ನಂತೆ. ಒರೆಸದೆ ಇದ್ರೆ ದೊರೆ ಬೈತಾನೆ, ಒರೆಸಿದ್ರೆ ಪೋಲೀಸು. ನೀವು ಓದಿದೋರು, ಏನ್ ಮಾಡ್ಬೇಕಿತ್ತು ಏಳ್ರಿ."

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅವಳು ಹೋಗುವಾಗ ಗಂಗರತ್ನಮ್ಮ ಹಿತ್ತಲ ಬಾಗಿಲಿನಿಂದ ಏನೋ ಕೊಟ್ಟು ಕಳಿಸಿದಳು.

ನೊರೆಯಂತೆ! ಸುಳ್ಳು ಹೇಳುವವರು ಸ್ವಲ್ಪ ತೂಕವಿರುವ ಸುಳ್ಳನ್ನಾದರೂ ಆರಿಸಿಕೊಳ್ಳಬೇಕು.

ಮಾರ್ಚ್ ೨೯, ಭಾನುವಾರ

ನೊರೆ ಇದೆ.

ಮಿಲ್ಲಿಗೆ ಹೋಗಬೇಕಾದ ಕೆಲಸವೇನೂ ನನಗಿರಲಿಲ್ಲ. ಪುಡಿಯ ಸೀಸೆಗಳನ್ನು ತರುವ ನೆವ ಮಾಡಿಕೊಂಡು ಹೋದೆ. ಕಲ್ಲು ಕುಟ್ಟುವ ಕಬ್ಬಿಣದ ಒನಕೆಗಳ ಸದ್ದಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ಅದು ಒಳ್ಳೆಯದೇ ಆಯಿತು. ತಗಡುಗಳ ಮೇಲೆ ಮೊಸರು ಕಡೆದಂತೆ ಬೂದುಬಣ್ಣದ ನೊರೆ ನಿಧಾನವಾಗಿ ಜಾರುತ್ತಿತ್ತು. ಮುನಿಶಾಮಿಯ ಜಾಗದಲ್ಲಿರುವ ಹೊಸಬ ಅದನ್ನು ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಬುದ್ಧಿವಂತ.

ಒಂದು ಸೀಸೆ ನೊರೆ ತುಂಬಿಕೊಂಡು ಬಂದು ಪರೀಕ್ಷಿಸಿದೆ. ಮಣಿ ಬಂತು. ಟವಲಿನದಕ್ಕಿಂತ ದೊಡ್ಡದು.

ರಸ ಹಿಡಿಯಬೇಕಾದ ಬಂಗಾರದ ಧೂಳನ್ನು ನೊರೆ ಹೊತ್ತುಕೊಂಡು, ತಗಡು ದಾಟಿ, ಮೋರಿಗೆ ಹೋಗುತ್ತಿದೆ. ಯಾರೂ ಕದಿಯುತ್ತಿಲ್ಲ.

ಸೀಸೆಯನ್ನು ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ನನಗೆ ಗೊತ್ತಿತ್ತು, ಆದರೆ ಎಲ್ಲಿಯದೆಂದು ಹೊಳೆಯಲಿಲ್ಲ. ಪರೀಕ್ಷಾಶಾಲೆಯ ಯಾವ ವಾಸನೆಯೂ ಅಲ್ಲ. ಮನೆಗೆ ಬಂದಾಗ ಗಂಗರತ್ನಮ್ಮ ತಲೆಗೂದಲು ಬಿಚ್ಚಿ ಬಿಸಿಲಿಗೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹಾದು ಹೋದವನು ಹಾಗೇ ನಿಂತುಬಿಟ್ಟೆ.

"ಏನ್ರಿ, ಎಂಡ್ತೀನ ಇವತ್ತೇ ಕಂಡೋರಂಗೆ ನಿಂತ್ಬಿಟ್ರಿ?" ಎಂದಳು.

ಮಾರ್ಚ್ ೩೦, ಸೋಮವಾರ

ಬೆಳಿಗ್ಗೆ ಮಿಲ್ಲಿನ ಕೊಳದ ಅಂಚು ಹಿಡಿದು ನಡೆದೆ. ಹೊಸ ಕಾಲುವೆ, ಗಾರೆ ಇನ್ನೂ ಬಿಳಿಯಾಗಿದೆ. ಅದರ ಜೊತೆಗೇ ಹೋದರೆ ಲೈನುಮನೆಗಳವರೆಲ್ಲ ಸ್ನಾನ ಮಾಡುವ ಬಚ್ಚಲು ಸಿಗುತ್ತದೆ. ದೊರೆ ಹೊಂದಿಸಿದ ನೀರು ಇದೇ. ಸಾವಿರಾರು ತಲೆಗಳ ಎಣ್ಣೆ, ಅಂಟುವಾಳ ಎರಡೂ ಶನಿವಾರ ಸಂಜೆ ಇಳಿದು ಬಂದು ಮಿಲ್ಲಿಗೆ ಸೇರುತ್ತವೆ. ಯುಗಾದಿಯ ದಿನ ಎಷ್ಟು ಬಂದಿರಬಹುದು! ಹಬ್ಬದ ದಿನ ತಲೆಗೆ ಎಣ್ಣೆ ಹಾಕದ ಮನೆ ಆ ಲೈನುಗಳಲ್ಲಿ ಇದೆಯೇ?

ಮನೆಯಿಂದ ಒಂದು ಹಿಡಿ ಕಾಯಿ ಕೇಳಿದೆ. "ಮಿಲ್ಲಿಗೆ ತಲೆ ಸ್ನಾನ ಮಾಡಿಸ್ತೀರಾ?" ಎನ್ನುತ್ತ ಗಂಗರತ್ನಮ್ಮ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು.

ಕಾಯಿಯ ನೀರಿಗೆ ಬರೀ ಮಿಲ್ಲಿನ ಪುಡಿ ಹಾಕಿ ಕಡೆದೆ. ನೊರೆ ಬೆಳ್ಳಗೆ ಬಂತು, ಪುಡಿ ತಳದಲ್ಲೇ ಉಳಿಯಿತು. ಒಂದು ತೊಟ್ಟು ಎಳ್ಳೆಣ್ಣೆ ಬಿಟ್ಟು ಮತ್ತೆ ಕಡೆದೆ. ನೊರೆ ಕಪ್ಪಾಯಿತು, ಮಿನುಗಿತು. ಎಣ್ಣೆ ಬಂಗಾರಕ್ಕೆ ಅಂಟುತ್ತದೆ, ನೊರೆ ಎಣ್ಣೆಗೆ ಅಂಟುತ್ತದೆ. ಎರಡೂ ಬೇಕು. ಬಚ್ಚಲಿನಲ್ಲಿ ಎರಡೂ ಇವೆ.

ನಾಡಿದ್ದು ದೊರೆಗೆ ತೋರಿಸುತ್ತೇನೆ. ಸಣ್ಣ ಬಾಗಿಲಿನ ಬೀಗ ತೆಗೆಯಬೇಕಾಗುತ್ತದೆ. ಮುನಿಶಾಮಿಯನ್ನೂ ಬಿಡಬೇಕಾಗುತ್ತದೆ.

ಏಪ್ರಿಲ್ ೧, ಬುಧವಾರ

ದೊರೆಗೆ ಬಹಳ ಸಂತೋಷವಾಯಿತು. ನನ್ನ ಬೆನ್ನು ತಟ್ಟಿದ. ಅಂಟುವಾಳದ ಒಳಗಿನ ಆ ವಸ್ತುವಿಗೆ ಸಪೋನಿನ್ ಎಂದು ಹೆಸರಂತೆ. ರೇಷ್ಮೆ ತೊಳೆಯುವುದಕ್ಕೆ, ಬೆಂಕಿ ಆರಿಸುವ ನೊರೆ ಮಾಡುವುದಕ್ಕೆ ಅವರ ದೇಶದ ಕಾರ್ಖಾನೆಗಳಲ್ಲಿ ಬಳಸುತ್ತಾರಂತೆ. ಅದಿರನ್ನು ನೊರೆಯಲ್ಲಿ ತೇಲಿಸಿ ತೆಗೆಯುವ ಕ್ರಮವೂ ಇದೆ; ಅದಕ್ಕೆ ಪೈನ್ ಮರದ ಎಣ್ಣೆಯನ್ನು ಹಡಗಿನಲ್ಲಿ ತರಿಸಬೇಕು. "ಇಲ್ಲಿ ಮರದಿಂದ ಉದುರಿ ಬಿದ್ದಿದೆ!" ಎಂದ. ನೊರೆಯನ್ನು ಮೋರಿಗೆ ಬಿಡುವ ಬದಲು ಹಲಗೆ ಕಟ್ಟಿ ಕೆನೆಯಂತೆ ತೆಗೆದುಕೊಂಡರಾಯಿತು. ಮಾತಾಡುತ್ತಲೇ ಕಾಗದದ ಮೇಲೆ ತೊಟ್ಟಿಯ ಚಿತ್ರ ಬರೆದ.

ನಾನು ಮುನಿಶಾಮಿಯ ಹೆಸರು ಎತ್ತಿದೆ.

ಅದು ಬೇರೆ ವಿಷಯ ಎಂದ. ಟವಲಿನಲ್ಲಿ ಬಂಗಾರವಿತ್ತು, ಟವಲು ಗೇಟಿಗೆ ಬಂದಿತ್ತು, ವರದಿಗೆ ಸಹಿ ಹಾಕಿದವನು ನೀನೇ. ಕಾಲುವೆಯ ವಿಷಯ ಹೊರಗೆ ಹೋಗುವುದು ಬೇಡ. ಹೊಸ ಕೆಲಸ ಗುಟ್ಟಾಗಿ ನಡೆಯಬೇಕು, ಅದರ ಮೇಲ್ವಿಚಾರಣೆ ನಿನಗೇ, ಎಂದೂ ಹೇಳಿದ.

ಕಾಲುವೆ ತೋಡಿಸಿದವನು ಅವನು. ಅದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಸಣ್ಣ ಬಾಗಿಲು ತೆರೆದಿತ್ತು. ನನಗೆ ಮಾತ್ರ.

ಏಪ್ರಿಲ್ ೧೧, ಶನಿವಾರ

ಗಾಡಿಗಟ್ಟಲೆ ಅಂಟುವಾಳ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಮರ ಮರವನ್ನೂ ಕಂಪನಿಯವರು ಗುತ್ತಿಗೆ ಹಿಡಿದಿದ್ದಾರೆ. ಮೂಟೆಗಳು ಮಾರಿಕುಪ್ಪಂ ನಿಲ್ದಾಣದಲ್ಲಿ ಇಳಿದು ಬರುತ್ತವೆ. ಉಗ್ರಾಣಕ್ಕೆ ಕಾವಲು. ಲೈನುಮನೆಯ ಬಚ್ಚಲನ್ನು ಮುಚ್ಚಿದರು, ಎಣ್ಣೆ ನೀರು ಮಿಲ್ಲಿಗೆ ಬಂದು ಲೆಕ್ಕ ತಪ್ಪಿಸುತ್ತದಂತೆ. ಬಚ್ಚಲಿನಿಂದ ಕಲಿತರು, ಬಚ್ಚಲಿಗೇ ಬೀಗ ಹಾಕಿದರು. ತೊಟ್ಟಿಯ ನೊರೆಯಿಂದ ಕೆರೆದು ತೆಗೆದ ಬಂಗಾರ ನನ್ನ ತಕ್ಕಡಿಗೆ ಬರುತ್ತಿದೆ. ಇದೇ ನೊರೆಯನ್ನು ಒರೆಸಿದ್ದಕ್ಕೆ ಒಬ್ಬ ಒಳಗಿದ್ದಾನೆ. ನಾನು ತೂಕ ಬರೆದು ಸಹಿ ಹಾಕುತ್ತೇನೆ.

ಇವತ್ತು ನಮ್ಮ ಮನೆಯಲ್ಲಿ ಎಣ್ಣೆ ಸ್ನಾನವಿಲ್ಲ. ಪೇಟೆಯಲ್ಲಿ ಒಂದು ಕಾಯಿ ಇಲ್ಲ. ಮುತ್ಯಾಲಮ್ಮ ಹಿತ್ತಲಿಗೆ ಬಂದು ಗಂಗರತ್ನಮ್ಮನನ್ನು ಕೇಳುತ್ತಿದ್ದಳು:

"ನಾಕು ಕಾಯಿ ಇದ್ರೆ ಕೊಡಕ್ಕ. ನಂಗಲ್ಲ. ಅವ್ನು ಬಂದ ದಿನಕ್ಕೆ ಎತ್ತಿಡ್ತೀನಿ. ಲಾಕಪ್ಪು ಕಂಡ ತಲೆ, ನೀರು ಬೀಳದೆ ಒಸ್ಲು ದಾಟಿಸಂಗಿಲ್ಲ."

"ಎಲ್ಲಿ ತರ್ಲೇ ತಾಯಿ? ನನ್ ಗಂಡನ್ನ ಕೇಳು. ಊರ ಕಾಯೆಲ್ಲ ಅವ್ರ ಕೈಕೆಳಗೇ ಐತೆ."

"ಅವ್ರನ್ನ ಯಾಕೆ ಕೇಳಾನ. ಅವ್ರು ಸುಟ್ಟು ಕೊಟ್ಟಾರು."

ನಾನು ಒಳಗೆ ಪತ್ರಿಕೆ ಹಿಡಿದುಕೊಂಡಿದ್ದೆ. ಏನು ಓದಿದೆನೋ ನೆನಪಿಲ್ಲ.

ಈಗ ಗೇಟಿನಲ್ಲಿ ಸಣ್ಣ ಬಾಗಿಲಿಗೆ ಹೋಗುತ್ತಿಲ್ಲ. ಉಗ್ರಾಣದಿಂದ ಅದು ಸ್ವಲ್ಪ ಸುತ್ತು. ಸಾಲಿನಲ್ಲಿ ನಿಂತರೆ ಬೇಗ ಆಗುತ್ತದೆ.

ಏಪ್ರಿಲ್ ೧೯, ಭಾನುವಾರ

ಅಂಟುವಾಳ ಸಿಕ್ಕೀತೇನೋ ಎಂದು ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ಸಿಗಲಿಲ್ಲ. ವಕೀಲ ಕೋದಂಡಪ್ಪನ ಮನೆ ಆ ದಾರಿಯಲ್ಲೇ ಇರುವುದರಿಂದ ಒಳಗೆ ಹೋದೆ. ಮುನಿಶಾಮಿಯ ಪರ ಅವನೇ.

ಎಲ್ಲವನ್ನೂ ಹೇಳಿದೆ. ಕಾಲುವೆಯನ್ನೂ. ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಚೆನ್ನಾಗಿದೆ. ಶನಿವಾರ ವಿಚಾರಣೆ. ಆದ್ರೆ ಶ್ರೀನಿವಾಸಪ್ಪನೋರೆ, ಬಂಗಾರ ಭಾರವಾದದ್ದು, ಮುಳುಗ್ತದೆ ಅಂತ ಮ್ಯಾಜಿಸ್ಟ್ರೇಟರು ಸ್ಕೂಲಲ್ಲಿ ಓದವ್ರೆ. ನೊರೇಲಿ ತೇಲ್ತದೆ ಅಂದ್ರೆ ನನ್ನನ್ನೇ ಆಚೆ ತೇಲಿಸ್ತಾರೆ. ಕಣ್ಣಿಗೆ ತೋರಿಸ್ಬೇಕು. ಕಾಯಿ, ಎಣ್ಣೆ, ಮಿಲ್ಲಿನ ಪುಡಿ."

"ಎಣ್ಣೆ ತರಬಲ್ಲೆ."

"ಎಣ್ಣೆ ನಮ್ಮನೇಲೂ ಐತೆ. ಬಾಕಿ ಎರಡು ಕಂಪನಿ ಬೀಗದೊಳಗೆ. ಗೇಟು ದಾಟೋದು ಎಂಗೆ?"

ಎಂಥ ಪ್ರಶ್ನೆ! ಹಳ್ಳಿಯ ಮರದ ಕಾಯಿ. ಹೆಂಗಸರು ಸೆರಗಿನಲ್ಲಿ ಆಯ್ದು ತರುತ್ತಿದ್ದದ್ದು. ಅದು ಗೇಟು ದಾಟುವುದು ಹೇಗೆ ಎಂದು ನಾವು ಇಬ್ಬರು ದೊಡ್ಡವರು ಕೂತು ಯೋಚಿಸಬೇಕೇ?

ಏಪ್ರಿಲ್ ೨೨, ಬುಧವಾರ

ಬಲಗಡೆ ಜೇಬಿನಲ್ಲಿ ಕಾಯಿ. ಎಡಗಡೆ ಪೊಟ್ಟಣದಲ್ಲಿ ಪುಡಿ. ಸಣ್ಣ ಬಾಗಿಲು ತೆರೆದೇ ಇತ್ತು, ಆದರೂ ಅಭ್ಯಾಸದಂತೆ ಸಾಲಿನಲ್ಲೇ ನಿಂತಿದ್ದೆ.

ಕದಿರಪ್ಪನ ಕೈ ನಿಂತಿತು. ಮುಖ ನೋಡಿದ. ಮೆಲ್ಲಗೆ, "ಸ್ವಾಮೇರೆ, ಇದು ನಶ್ಯ ಅಲ್ಲ. ಮರೆತು ಬಂದಂಗೆ ಮಾಡಿ ಒಳಗೆ ಎಸೆದು ಬನ್ರಿ. ನಾನ್ ಕಾಣ್ನಿಲ್ಲ," ಎಂದ.

ಎಸೆದು ಬರಬಹುದಿತ್ತು. ಇನ್ನೊಂದು ದಿನ, ಇನ್ನೊಂದು ದಾರಿ. ಆದರೆ ಎಸೆಯಬೇಕಾದದ್ದು ಏನು? ಕುಂಕುಡುಕಾಯಿ! ಮೈಯೆಲ್ಲ ಉರಿದುಹೋಯಿತು. "ಬರೆದುಕೊಳ್ಳೋ! ಶ್ರೀನಿವಾಸಪ್ಪ ಅಂಟುವಾಳ ಕದ್ದ ಅಂತ ಬರೆದುಕೋ!" ಎಂದು ಕೂಗಿದೆನಂತೆ. ಸಾಲಿನವರು ಯಾರೂ ನಗಲಿಲ್ಲ.

ಕೆಲಸದಿಂದ ನಿಲ್ಲಿಸಿ ಕಳವಿನ ಕೇಸು ಹಾಕಿದ್ದಾರೆ. ಗಂಗರತ್ನಮ್ಮನಿಗೆ ಹೇಳಿದೆ. "ಜೇಬು ತುಂಬಾ ತಂದಿದ್ರಾ, ಅರ್ಧವಾ?" ಎಂದು ಕೇಳಿದಳು.

ಏಪ್ರಿಲ್ ೨೫, ಶನಿವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಕೋರ್ಟಿನಲ್ಲಿ ಸಾಕ್ಷಿಯ ಕಟಕಟೆ ಹತ್ತಿ ನೊರೆಯ ವಿಷಯ ಹೇಳಿದೆ. ಕಂಪನಿಯ ವಕೀಲ ಎದ್ದು, ಇವನೆಂಥ ಸಾಕ್ಷಿ ಎಂದು ತೋರಿಸುವುದಕ್ಕೆ ಬುಧವಾರ ನನ್ನ ಜೇಬಿನಲ್ಲಿ ಸಿಕ್ಕ ಮಾಲನ್ನು ಮೇಜಿನ ಮೇಲೆ ಸುರಿದ. ಒಂದು ಹಿಡಿ ಕಾಯಿ. ಒಂದು ಪೊಟ್ಟಣ ಪುಡಿ.

"ಇವನ್ನು ಕದ್ದೆಯಾ?"

"ಕದ್ದೆ."

ಕೋದಂಡಪ್ಪ ಎದ್ದು ಕೈ ಮುಗಿದ. "ಮಹಾಸ್ವಾಮಿ, ನಮಗೆ ಬೇಕಾಗಿದ್ದನ್ನ ನಮ್ಮ ಎದುರು ಕಕ್ಷಿಯವರೇ ತಂದುಕೊಟ್ಟಿದ್ದಾರೆ. ಒಂದು ಚೊಂಬು ನೀರು ತರಿಸಲು ಅಪ್ಪಣೆಯಾಗಬೇಕು. ಎಣ್ಣೆ ನನ್ನ ಹತ್ತಿರ ಇದೆ."

ಕಂಪನಿಯ ವಕೀಲ ಬೇಡವೆಂದ. ಬೇಡವೆಂದದ್ದಕ್ಕೇ ಮ್ಯಾಜಿಸ್ಟ್ರೇಟರು ತರಿಸಿದರೆಂದು ನನಗೆ ಅನುಮಾನ. ಕಾಯಿ ಜಜ್ಜಿ, ನೀರಿಗೆ ಹಾಕಿ ಕಿವುಚಿದೆ. ಪುಡಿಯನ್ನು ಸುರಿದೆ. ಎಣ್ಣೆ ಬಿಟ್ಟೆ. ಗಂಗರತ್ನಮ್ಮ ಮಜ್ಜಿಗೆ ಕಡೆಯುವಂತೆ ಕಡೆದೆ. ನೊರೆ ಚೊಂಬಿನ ಬಾಯಿಗೆ ಬಂತು, ಕಪ್ಪಾಗಿ ಅಂಚು ದಾಟಿ ಮೇಜಿನ ಮೇಲೆ ಇಳಿಯಿತು. ಕಿಟಕಿಯ ಬಿಸಿಲಿಗೆ ಅದರಲ್ಲಿ ಮಿನುಗಿದ್ದನ್ನು ಮ್ಯಾಜಿಸ್ಟ್ರೇಟರು ಕನ್ನಡಕ ಎತ್ತಿ ನೋಡಿದರು. ಬೆರಳಿಗೆ ಹಚ್ಚಿಕೊಂಡು ನೋಡಿದರು. ದೊರೆ ಕಿಟಕಿಯ ಆಚೆ ನೋಡುತ್ತಿದ್ದ.

ಒರೆಸುವ ಕೆಲಸದವನ ಟವಲಿಗೆ ಇಷ್ಟು ಅಂಟುವುದು ಸಹಜ ಎಂದು ಬರೆಸಿ ಮುನಿಶಾಮಿಯನ್ನು ಬಿಟ್ಟರು. ಕಾಲುವೆಯ ವಿಷಯ ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲವಂತೆ. ಆಮೇಲೆ ತಮ್ಮ ಕಾಗದಗಳಿಗೆ ತಾಗುತ್ತಿದ್ದ ನೊರೆಯನ್ನು ನೋಡಿ ಜವಾನನಿಗೆ, "ಮೇಜು ಹಾಳಾಯಿತು. ಇದನ್ನು ಹೊರಗೆ ಒಯ್ದು ಚೆಲ್ಲು," ಎಂದರು.

ಜವಾನ ಚೊಂಬು ಹಿಡಿದು ಹೊರಗೆ ಬಂದ. ಹುಣಸೆಮರದ ಕೆಳಗೆ ಮುತ್ಯಾಲಮ್ಮ ಅಡ್ಡ ನಿಂತಳು.

"ಚೆಲ್ಲೋದ್ಯಾಕಣ್ಣ. ಇಲ್ಲಿ ಕೊಡು."

ಕಿತ್ತುಕೊಂಡಳೆಂದೇ ಹೇಳಬೇಕು. "ಕೂತ್ಕೊಳ್ಳಲಾ," ಎಂದಳು ಗಂಡನಿಗೆ. ಅವನು ಕುಕ್ಕರಗಾಲಲ್ಲಿ ಕೂತ. ಕಾಯಿ, ಎಣ್ಣೆ, ಪುಡಿ ಎಲ್ಲ ಸೇರಿದ ಆ ನೀರನ್ನು ಅವನ ನೆತ್ತಿಯ ಮೇಲೆ ಸುರಿದು ಎರಡೂ ಕೈಯಲ್ಲಿ ಉಜ್ಜಿದಳು. ಒಂದು ತಿಂಗಳ ಸೆರೆಯ ಕೊಳೆ ಬೆನ್ನ ಮೇಲೆ ಇಳಿಯಿತು. ಅವನು ಕಣ್ಣು ಉರಿಯುತ್ತದೆಂದು ಕೂಗಿದ. "ಉರೀಲಿ, ಮುಚ್ಕೊಂಡು ಕೂತ್ಕೊ," ಎಂದಳು. ಕಂಪನಿಯ ಬಂಗಾರ ಅವನ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

ಸಾಕ್ಷಿ ಹೇಳಲು ಬಂದಿದ್ದ ಕದಿರಪ್ಪ ಸಮವಸ್ತ್ರದಲ್ಲೇ ನನ್ನ ಪಕ್ಕ ನಿಂತಿದ್ದ. "ಸ್ವಾಮೇರೆ," ಎಂದ, "ಈಗ ಇವನ್ನ ಎಲ್ಲಿಂದ ತಡಕಾನ?"

ಕೋದಂಡಪ್ಪ ನಗುತ್ತ ಬಂದು ನನ್ನ ಕೈ ಹಿಡಿದ. ನನ್ನ ಮೇಲಿನ ಕೇಸು ನಿಲ್ಲುವುದಿಲ್ಲವಂತೆ. ಕದ್ದ ಮಾಲೇ ಇಲ್ಲ. ಕೋರ್ಟಿನ ಅಪ್ಪಣೆಯಿಂದ ಹೊರಗೆ ಬಂದು ಮುನಿಶಾಮಿಯ ತಲೆಗೆ ಹೋಯಿತು. ಕೆಲಸ ಹೋಗುವುದಂತೂ ಹೋಗುತ್ತದೆ, ಅದು ಬೇರೆ.

ಇದೆಂಥ ನ್ಯಾಯ? ಇಪ್ಪತ್ತು ವರ್ಷ ಕದಿಯದಿದ್ದಾಗ ಜೇಬಿಗೆ ಕೈ ಹಾಕಿದರು. ಕದ್ದೆ ಎಂದು ಕೂಗಿ ಹೇಳಿದರೆ ವಿಚಾರಣೆಯೇ ಇಲ್ಲವಂತೆ! ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿ ತಡಕುವವರು ಯಾವ ಕಾಯಿ ಯಾರದು ಎಂದು ಒಂದು ಸಲವಾದರೂ ಕಟಕಟೆ ಹತ್ತಿ ಹೇಳಲಿ. ಸೋಮವಾರ ನಾನೇ ಹೋಗಿ ದೊರೆಯನ್ನು ಕೇಳುತ್ತೇನೆ.

ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿದೆನೆಂದು ಗಂಗರತ್ನಮ್ಮ ಹೇಳುತ್ತಾಳೆ. ನನಗೆ ನೆನಪಿಲ್ಲ. ಅವಳು ಹತ್ತಿರ ಬಂದು ಬಲಗಡೆ ಜೇಬಿಗೆ ಕೈ ಹಾಕಿದಳು. ಮೂಲೆಯಲ್ಲಿ ಒಂದು ಅಂಟುವಾಳ ಉಳಿದುಕೊಂಡಿತ್ತು.